ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನಷ್ಟದ ಹಂಚಿಕೆಯಲ್ಲಿ ನ್ಯಾಯವೆಂದರೇನು?

ತಕ್ಕಡಿ

ಹಣ ಮತ್ತು ನ್ಯಾಯದ ಮಾತು ಬಂದಾಗಲೆಲ್ಲ ಯಾರ ಬಳಿ ಎಷ್ಟಿದೆ ಎಂಬ ಲೆಕ್ಕವನ್ನೇ ನಾವು ಮೊದಲು ಎತ್ತಿಕೊಳ್ಳುತ್ತೇವೆ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಪ್ರಶ್ನೆ ಬೇರೆಯದು: ನಷ್ಟವಾದಾಗ ಅದು ಯಾರ ತಲೆಗೆ ಬರುತ್ತದೆ, ಮತ್ತು ಅದನ್ನು ನಿರ್ಧರಿಸುವವರು ಯಾರು? ನಾನು ಅರ್ಥಶಾಸ್ತ್ರ ಓದಿದವನಲ್ಲ. ಸಂಬಳ ತೆಗೆದುಕೊಂಡು, ತೆರಿಗೆ ಕಟ್ಟಿ, ಉಳಿದಷ್ಟನ್ನು ಬ್ಯಾಂಕಿನಲ್ಲಿಟ್ಟು, ದಿನವೂ ಸುದ್ದಿ ಓದುವ ಸಾಮಾನ್ಯ ನಾಗರಿಕ. ಇಷ್ಟು ವರ್ಷ ಓದಿದ ಮೇಲೆ ನನಗೆ ತೋರಿದ್ದನ್ನು ಹೇಳುತ್ತೇನೆ. ಲಾಭವನ್ನು ಹಂಚುವಾಗ ಎಲ್ಲರೂ ನೋಡುತ್ತಿರುತ್ತಾರೆ, ಆದ್ದರಿಂದ ಜಗಳವಾಗುತ್ತದೆ, ಜಗಳದಿಂದ ಒಂದಿಷ್ಟು ನ್ಯಾಯವೂ ಹುಟ್ಟುತ್ತದೆ; ನಷ್ಟವನ್ನು ಹಂಚುವ ಕೆಲಸ ಮಾತ್ರ ತರಾತುರಿಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಹೆಚ್ಚಾಗಿ ಶನಿವಾರ ಭಾನುವಾರಗಳ ರಾತ್ರಿ ನಡೆಯುತ್ತದೆ, ಸೋಮವಾರ ನಾವು ಏಳುವಷ್ಟರಲ್ಲಿ ಮುಗಿದಿರುತ್ತದೆ.

2008ನ್ನು ನೆನಪಿಸಿಕೊಳ್ಳಿ. ಆ ವರ್ಷ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕಾದ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅಕ್ಟೋಬರ್ 3ರ ಹೊತ್ತಿಗೆ 700 ಬಿಲಿಯನ್ ಡಾಲರ್‌ವರೆಗೆ ಬಳಸಿ ಹಣಕಾಸು ಸಂಸ್ಥೆಗಳನ್ನು ಎತ್ತಿ ನಿಲ್ಲಿಸಲು ಅಮೆರಿಕದ ಸರ್ಕಾರಕ್ಕೆ ಕಾನೂನಿನ ಬಲ ದೊರೆತಿತ್ತು. ಸರ್ಕಾರದ ಹಣದಿಂದ ಉಸಿರು ಉಳಿಸಿಕೊಂಡ ಎಐಜಿ ವಿಮಾ ಕಂಪನಿ, ಮರುವರ್ಷದ ಮಾರ್ಚ್‌ನಲ್ಲಿ, ನಷ್ಟವನ್ನು ತಂದಿಟ್ಟ ವಿಭಾಗದವರಿಗೇ ಸುಮಾರು 165 ಮಿಲಿಯನ್ ಡಾಲರ್ ಬೋನಸ್ ಕೊಟ್ಟಿತು. ಒಪ್ಪಂದದಲ್ಲಿದೆ, ಕೊಡದೆ ವಿಧಿಯಿಲ್ಲ ಎಂಬುದು ಅದರ ಸಮಜಾಯಿಷಿಯಾಗಿತ್ತು. ಅದೇ ತಿಂಗಳುಗಳಲ್ಲಿ ಕೆಲಸ ಕಳೆದುಕೊಂಡ ಲಕ್ಷಾಂತರ ಜನರ ಕೈಯಲ್ಲಿ ಹೀಗೆ ಎತ್ತಿ ತೋರಿಸಬಹುದಾದ ಒಪ್ಪಂದವೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ.

ಇದು ಬ್ಯಾಂಕಿನವರ ಕಥೆ ಮಾತ್ರವಲ್ಲ. 2022ರ ಬೆಲೆಯೇರಿಕೆಯಲ್ಲಿ ನಡೆದದ್ದೂ ಇದೇ ಎಂದು ನನ್ನ ಎಣಿಕೆ. ಹಣದುಬ್ಬರವು ಅಮೆರಿಕದಲ್ಲಿ ಜೂನ್‌ನಲ್ಲಿ ಶೇಕಡ 9.1ಕ್ಕೂ, ಬ್ರಿಟನ್ನಿನಲ್ಲಿ ಅಕ್ಟೋಬರ್‌ನಲ್ಲಿ ಶೇಕಡ 11.1ಕ್ಕೂ ಮುಟ್ಟಿತು. ಕೋವಿಡ್ ಕಾಲದಲ್ಲಿ ಹದಗೆಟ್ಟ ಸರಕು ಪೂರೈಕೆ, ಉಕ್ರೇನಿನ ಯುದ್ಧದಿಂದ ದುಬಾರಿಯಾದ ಇಂಧನ ಎಂದು ಕಾರಣಗಳನ್ನು ಹೇಳಿದರು, ಅವು ಸುಳ್ಳೂ ಅಲ್ಲ. ಇಂಧನವನ್ನು ಹೊರಗಿನಿಂದ ಕೊಳ್ಳುವ ದೇಶ ಅಷ್ಟರಮಟ್ಟಿಗೆ ನಿಜವಾಗಿಯೇ ಬಡವಾಗಿತ್ತು, ಆ ನಷ್ಟವನ್ನು ಯಾರಾದರೂ ಹೊರಲೇಬೇಕಿತ್ತು. ಬೆಲೆ ಏರಿಸಬಲ್ಲ ಕಂಪನಿಗಳು ಏರಿಸಿ ನಷ್ಟವನ್ನು ದಾಟಿಸಿದವು, ಬಲವಾದ ಸಂಘಟನೆಯುಳ್ಳ ನೌಕರರು ಸಂಬಳ ಏರಿಸಿಕೊಂಡು ಒಂದಿಷ್ಟನ್ನು ದಾಟಿಸಿದರು, ದಾಟಿಸಲು ಮುಂದೆ ಯಾರೂ ಇಲ್ಲದವರು ಅದನ್ನು ಹೊತ್ತುಕೊಂಡು ನಿಂತರು. ಇದನ್ನು ಅನ್ಯಾಯವೆಂದು ಕರೆಯಬಹುದೇ, ಅಥವಾ ಮಳೆ ಬಿಸಿಲಿನಂತೆ ಯಾರ ತಪ್ಪೂ ಅಲ್ಲವೆಂದು ಸುಮ್ಮನಿರಬೇಕೇ ಎಂಬುದನ್ನು ಬಲ್ಲವರು ಹೇಳಬೇಕು.

ಹಳೆಯ ಲೆಕ್ಕಿಗ

ತಕ್ಕಡಿಯವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಒಂದು ತಟ್ಟೆಯಲ್ಲಿ ತೂಕ ಕಡಿಮೆ ಇಟ್ಟಿದ್ದಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕಪರಿಶೋಧನೆ ಮಾಡಿದವನು. ಸಿಟ್ಟು ಬರಿಸುವ ಅಂಕಿಗಳ ಪಕ್ಕದಲ್ಲಿ ಸಿಟ್ಟು ಇಳಿಸುವ ಅಂಕಿಗಳೂ ಇರುತ್ತವೆ ಎಂಬುದನ್ನು ಕಂಡಿದ್ದೇನೆ.

ಎಐಜಿಗೆ ಒಟ್ಟು ಸುಮಾರು 182 ಬಿಲಿಯನ್ ಡಾಲರ್ ನೆರವನ್ನು ಗೊತ್ತುಮಾಡಲಾಗಿತ್ತು. ಆ ಹಣ ಹಿಂದಿರುಗಿತು, ಮೇಲೆ 22 ಬಿಲಿಯನ್ ಡಾಲರ್‌ಗೂ ಹೆಚ್ಚಿನ ಲಾಭ ಬಂತೆಂದು 2012ರಲ್ಲಿ ಅಮೆರಿಕದ ಖಜಾನೆ ಇಲಾಖೆಯೇ ಲೆಕ್ಕ ಕೊಟ್ಟಿತು. ಬ್ಯಾಂಕುಗಳಲ್ಲಿ ಹೂಡಿದ ಹಣವೂ ಹೆಚ್ಚುಕಡಿಮೆ ಹಾಗೆಯೇ ಮರಳಿತು. ಜನರ ತೆರಿಗೆಯನ್ನು ಸುರಿದು ಕೈತೊಳೆದುಕೊಂಡರು ಎಂಬುದು ಅರ್ಧಸತ್ಯ.

ಎರಡನೆಯದಾಗಿ, ಬ್ಯಾಂಕನ್ನು ಮುಳುಗಲು ಬಿಟ್ಟರೆ ಮುಳುಗುವವರು ಅದರ ಒಡೆಯರು ಮಾತ್ರವಲ್ಲ. ಲೇಮನ್ನನ್ನು ಬಿಟ್ಟು ನೋಡಿದರಲ್ಲ, ಮರುದಿನವೇ ಏನಾಯಿತು? ಅದರ ಸಾಲಪತ್ರಗಳನ್ನು ಇಟ್ಟುಕೊಂಡಿದ್ದ ರಿಸರ್ವ್ ಪ್ರೈಮರಿ ಎಂಬ ನಿಧಿಯಲ್ಲಿ ಒಂದು ಡಾಲರಿನ ಬೆಲೆ 97 ಸೆಂಟಿಗೆ ಇಳಿಯಿತು. ನಗದಿನಷ್ಟೇ ಭದ್ರವೆಂದು ಜನ ನಂಬಿ ದುಡ್ಡಿಡುವ ಬಗೆಯ ನಿಧಿ ಅದು. ಆ ಮೂರು ಸೆಂಟಿನ ಸುದ್ದಿಗೆ ಹೆದರಿ ಎಲ್ಲರೂ ಅಂತಹ ನಿಧಿಗಳಿಂದ ಹಣ ತೆಗೆಯತೊಡಗಿದ ಮೇಲೆ, ದಿನನಿತ್ಯದ ಖರ್ಚಿಗೆ ಅಲ್ಪಾವಧಿ ಸಾಲ ಮಾಡುವ, ಈ ಜೂಜಿಗೆ ಸಂಬಂಧವೇ ಇಲ್ಲದ ಕಂಪನಿಗಳಿಗೂ ಸಾಲ ಹುಟ್ಟದಂತಾಯಿತು. ಸಾಲ ಹುಟ್ಟದಿದ್ದರೆ ಸಂಬಳ ಹುಟ್ಟುವುದಿಲ್ಲ. ಎತ್ತಿಗೂ ಎಮ್ಮೆಗೂ ಒಂದೇ ಹಗ್ಗ ಕಟ್ಟಿರುವಾಗ ಎತ್ತನ್ನು ಬಾವಿಗೆ ತಳ್ಳುವುದು ಎಮ್ಮೆಗೆ ಮಾಡುವ ಉಪಕಾರವಲ್ಲ.

ಬೋನಸ್ಸಿನ ವಿಷಯದಲ್ಲಿ ನಾನು ತಕರಾರು ತೆಗೆಯುವುದಿಲ್ಲ. ಅದು ನಾಚಿಕೆಗೇಡು.

ಸಾಲಗಾರ

ಇಲ್ಲಿ ಎಲ್ಲರೂ ಹಣದುಬ್ಬರವನ್ನು ಬೈಯುತ್ತಿರುವುದರಿಂದ ನನ್ನ ತಪ್ಪೊಪ್ಪಿಗೆಯೂ ಒಂದಿರಲಿ. ಬೆಲೆಗಳು ಏರುವುದಕ್ಕೆ ಕೆಲವು ವರ್ಷ ಮುಂಚೆ ನಾನು ಮನೆಗಾಗಿ ದೊಡ್ಡ ಸಾಲ ಮಾಡಿದ್ದೆ, ಬಡ್ಡಿಯನ್ನು ಕೊನೆಯವರೆಗೂ ಬದಲಾಗದ ದರಕ್ಕೆ ಗೊತ್ತುಮಾಡಿಕೊಂಡಿದ್ದೆ. ಆಮೇಲೆ ಸಂಬಳವೂ ಏರಿತು, ಮನೆಯ ಬೆಲೆಯೂ ಏರಿತು, ಕಂತು ಮಾತ್ರ ಅಷ್ಟೇ ಉಳಿಯಿತು. ಮೊದಲು ತಿಂಗಳ ಸಂಬಳದ ಅರ್ಧವನ್ನು ನುಂಗುತ್ತಿದ್ದ ಕಂತು ಈಗ ಮೂರನೆಯ ಒಂದು ಭಾಗಕ್ಕೆ ಬಂದಿದೆ. ಇದಕ್ಕಾಗಿ ನಾನು ಹೆಚ್ಚು ದುಡಿದಿಲ್ಲ, ಯಾರಿಗೂ ಮೋಸ ಮಾಡಿಲ್ಲ. ನನಗೆ ಬಂದ ಈ ಲಾಭ ಯಾರ ಜೇಬಿನಿಂದ ಬಂತು ಎಂಬುದನ್ನು ತಿಳಿದವರು ಹೇಳಿದರೆ ಅವರಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ.

ನಿವೃತ್ತ ಮೇಷ್ಟ್ರು

ಸಾಲಗಾರರೇ, ನಮಸ್ಕಾರವನ್ನು ಈ ಕಡೆ ಹಾಕಿ. ನಿಮ್ಮ ಬ್ಯಾಂಕು ನಿಮಗೆ ಕೊಟ್ಟ ಹಣ ನನ್ನಂಥವರ ಠೇವಣಿಯೇ. ನಾನು ನಿವೃತ್ತನಾದಾಗ ಬಂದ ಇಡುಗಂಟನ್ನು ಐದು ವರ್ಷದ ಅವಧಿಗೆ ಇಟ್ಟೆ. ಅವಧಿ ಮುಗಿದಾಗ ಬ್ಯಾಂಕು ಹೇಳಿದ ಬಡ್ಡಿಯನ್ನು ಒಂದು ಕಾಸೂ ತಪ್ಪದೆ ಸೇರಿಸಿ ಹಿಂದಿರುಗಿಸಿತು, ನಾನು ಸಹಿ ಹಾಕಿ ಬಂದೆ. ಆದರೆ ಆ ಹಣದಿಂದ ಐದು ವರ್ಷದ ಹಿಂದೆ ಕೊಳ್ಳಬಹುದಾಗಿದ್ದಷ್ಟನ್ನು ಈಗ ಕೊಳ್ಳಲಾಗುವುದಿಲ್ಲ. ಕಳ್ಳತನವಾಗಿದೆ, ಆದರೆ ಕಳ್ಳನಿಲ್ಲ. ದೂರು ಕೊಡೋಣವೆಂದರೆ ಪೆಟ್ಟಿಗೆಯಲ್ಲಿ ಎಣಿಕೆ ಸರಿಯಾಗಿಯೇ ಇದೆ.

ನಾನು ಇತಿಹಾಸ ಕಲಿಸುತ್ತಿದ್ದೆ. ಈ ಕಣ್ಮರೆಯಾಗುವ ಆಟದ ಅತಿರೇಕ 1923ರ ಜರ್ಮನಿ. ಆ ನವೆಂಬರ್‌ನಲ್ಲಿ ಹೊಸ ನಾಣ್ಯ ತಂದಾಗ ಒಂದು ಲಕ್ಷ ಕೋಟಿ ಹಳೆಯ ಕಾಗದದ ಮಾರ್ಕುಗಳಿಗೆ ಒಂದು ರೆಂಟನ್‌ಮಾರ್ಕ್ ಸಿಕ್ಕಿತು. ತಳ್ಳುಗಾಡಿಯಲ್ಲಿ ನೋಟು ತುಂಬಿಕೊಂಡು ಹೋಗುವ ಚಿತ್ರವನ್ನು ಪಠ್ಯಪುಸ್ತಕಗಳು ತೋರಿಸುತ್ತವೆ, ಮಕ್ಕಳು ನಗುತ್ತಾರೆ. ಪಾಠದಲ್ಲಿ ಬರದ ಭಾಗವೆಂದರೆ, ಆಸ್ತಿ ಅಡವಿಟ್ಟು ಸಾಲ ಮಾಡಿದ್ದವರ ಸಾಲವೆಲ್ಲ ಒಂದೇ ಏಟಿಗೆ ಆವಿಯಾಯಿತು, ಸಾಲ ಕೊಟ್ಟಿದ್ದ ಮಧ್ಯಮವರ್ಗದ ಉಳಿತಾಯಗಾರರು ಬರಿಗೈಯಾದರು. ಆಮೇಲೆ ನ್ಯಾಯಾಲಯಕ್ಕೇ ಇದು ತಡೆಯಲಾಗದ ಅನ್ಯಾಯವೆನಿಸಿ, 1925ರಲ್ಲಿ ಕಾನೂನು ಮಾಡಿ, ಅಡಮಾನದ ಸಾಲಗಳಿಗೆ ಮೂಲ ಚಿನ್ನದ ಬೆಲೆಯ ಶೇಕಡ 25ರ ಮಟ್ಟಕ್ಕೆ ಮರಳಿ ಜೀವ ಕೊಟ್ಟರು. ಮುಕ್ಕಾಲು ಹೋಯಿತು, ಕಾಲು ಉಳಿಯಿತು.

ತಕ್ಕಡಿಯವರ ಪ್ರಶ್ನೆಗೆ ಬರುತ್ತೇನೆ. ಕಣ್ಣಿಗೆ ಕಾಣದ ನಷ್ಟವನ್ನು ಜನ ಅನ್ಯಾಯವೆಂದು ಎಣಿಸುವುದೇ ಇಲ್ಲ, ತೊಡಕಿರುವುದು ಅಲ್ಲೇ. ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಕೆನಡಾದ ಜನರಿಗೆ ಫೋನು ಮಾಡಿ ಪ್ರಶ್ನೆ ಕೇಳಿದರು. ಹಣದುಬ್ಬರವಿಲ್ಲದ ಕಾಲದಲ್ಲಿ ಕಂಪನಿಯೊಂದು ಸಂಬಳವನ್ನು ಶೇಕಡ 7ರಷ್ಟು ಕಡಿತ ಮಾಡಿದರೆ ಹೇಗೆ ಎಂದಾಗ ಶೇಕಡ 62 ಮಂದಿ ಅನ್ಯಾಯವೆಂದರು. ಹಣದುಬ್ಬರ ಶೇಕಡ 12 ಇರುವಾಗ ಸಂಬಳವನ್ನು ಶೇಕಡ 5 ಮಾತ್ರ ಏರಿಸಿದರೆ ಹೇಗೆ ಎಂದಾಗ ಅನ್ಯಾಯವೆಂದವರು ಶೇಕಡ 22 ಮಂದಿ. ಎರಡರಲ್ಲೂ ನೌಕರನ ಕೊಳ್ಳುವ ಶಕ್ತಿ ಕುಗ್ಗುವುದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ! ಎದುರು ನಿಂತು ಕಿತ್ತುಕೊಂಡರೆ ಸಿಟ್ಟಾಗುವ ನಾವೇ, ಏರಿಕೆಯ ಕಾಗದ ಕೈಗಿಟ್ಟು ಕಿತ್ತುಕೊಂಡರೆ ಧನ್ಯವಾದ ಹೇಳಿ ಹೋಗುತ್ತೇವೆ.

ತಕ್ಕಡಿ

ಮೇಷ್ಟ್ರೇ, ಆ ಎರಡು ಅಂಕಿಗಳನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಏರಿಕೆಯ ಕಾಗದ ಹಿಡಿದು ಮನೆಗೆ ಬಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ.

ಲೆಕ್ಕಿಗರಿಗೆ ಉತ್ತರ ಕೊಡಬೇಕು. ಹಣ ಹಿಂದಿರುಗಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಬೊಕ್ಕಸಕ್ಕೆ ಹಣ ಮರಳಿದ್ದರಿಂದ ಮನೆ ಹರಾಜಾದವರಿಗೆ ಮನೆ ಮರಳಲಿಲ್ಲ, ಕೆಲಸ ಹೋದವರಿಗೆ ಆ ವರ್ಷಗಳು ಮರಳಲಿಲ್ಲ. ಸಂಸ್ಥೆಗಳಿಗೆ ಸಿಕ್ಕಿದ್ದು ಕಾಲಾವಕಾಶ. ಕಷ್ಟದಲ್ಲಿರುವವನಿಗೆ ಎರಡು ವರ್ಷ ತಾಳುತ್ತೇವೆ, ಆಮೇಲೆ ಕೊಡು ಎನ್ನುವುದಕ್ಕಿಂತ ದೊಡ್ಡ ಉಡುಗೊರೆ ಇಲ್ಲ, ಆ ಉಡುಗೊರೆ ಮನೆಸಾಲ ಕಟ್ಟಲಾಗದವನಿಗೆ ಅಷ್ಟು ಸುಲಭವಾಗಿ ದೊರೆಯಲಿಲ್ಲ. ನನ್ನ ಆಕ್ಷೇಪ ಲೆಕ್ಕದ ಕೊನೆಯ ಸಾಲಿನ ಮೇಲಲ್ಲ, ಯಾರಿಗೆ ಕಾಯುತ್ತಾರೆ, ಯಾರಿಗೆ ಕಾಯುವುದಿಲ್ಲ ಎಂಬುದರ ಮೇಲೆ.

ಬೇರೆ ದಾರಿಯೇ ಇರಲಿಲ್ಲ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ಒಂದೇ ಬಗೆಯ ನಷ್ಟವನ್ನು ಮೂರು ಪುಟ್ಟ ದೇಶಗಳು ಮೂರು ರೀತಿಯಲ್ಲಿ ಹಂಚಿದವು.

ಐರ್ಲೆಂಡ್ ಸರ್ಕಾರ 2008ರ ಸೆಪ್ಟೆಂಬರ್ ಕೊನೆಯ ರಾತ್ರಿ ಕೂತು, ತನ್ನ ಆರು ಬ್ಯಾಂಕುಗಳ ಠೇವಣಿಗಷ್ಟೇ ಅಲ್ಲದೆ ಅವು ಮಾಡಿದ ಬಹುತೇಕ ಸಾಲಗಳಿಗೂ ತಾನೇ ಹೊಣೆ ಎಂದು ಘೋಷಿಸಿತು. ಬ್ಯಾಂಕುಗಳೊಳಗಿನ ಗುಂಡಿ ಎಷ್ಟು ಆಳವೆಂದು ತಿಳಿಯುವ ಮೊದಲೇ ಕೊಟ್ಟ ಮಾತು ಅದು. 2010ರಲ್ಲಿ ಸರ್ಕಾರದ ಕೊರತೆ ದೇಶದ ವಾರ್ಷಿಕ ಉತ್ಪನ್ನದ ಶೇಕಡ 30ನ್ನು ದಾಟಿತು, ನವೆಂಬರ್‌ನಲ್ಲಿ 85 ಬಿಲಿಯನ್ ಯೂರೊಗಳ ನೆರವಿನ ಒಪ್ಪಂದಕ್ಕೆ ತಲೆಬಾಗಬೇಕಾಯಿತು. ಅದರ ಬೆನ್ನಿಗೇ ಕನಿಷ್ಠ ಕೂಲಿಯನ್ನು ಗಂಟೆಗೆ 8.65 ಯೂರೊಗಳಿಂದ 7.65ಕ್ಕೆ ಇಳಿಸಿದರು. ಮುಂದಿನ ಸರ್ಕಾರ ಕೆಲವೇ ತಿಂಗಳಲ್ಲಿ ಅದನ್ನು ಸರಿಪಡಿಸಿತು ನಿಜ. ಆದರೂ ಯೋಚಿಸಿ, ಬ್ಯಾಂಕುಗಳ ಸಾಲಪತ್ರ ಕೊಂಡಿದ್ದ ಹೂಡಿಕೆದಾರರಲ್ಲಿ ಬಹುಪಾಲಿನವರಿಗೆ ಪೂರ್ತಿ ಹಣ, ಅತ್ಯಂತ ಕಡಿಮೆ ಕೂಲಿಯವನಿಗೆ ಗಂಟೆಗೊಂದು ಯೂರೊ ಖೋತಾ.

ಐಸ್‌ಲೆಂಡಿನ ಮೂರು ದೊಡ್ಡ ಬ್ಯಾಂಕುಗಳು ದೇಶಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬೆಳೆದಿದ್ದುದರಿಂದ ಉಳಿಸುವ ಶಕ್ತಿಯೇ ಸರ್ಕಾರಕ್ಕಿರಲಿಲ್ಲ. ತುರ್ತು ಕಾನೂನು ತಂದು ಠೇವಣಿದಾರರನ್ನು ಹಣ ಪಡೆಯುವ ಸರದಿಯ ಮುಂದಕ್ಕೂ ಸಾಲ ಕೊಟ್ಟಿದ್ದ ಉಳಿದವರನ್ನು ಹಿಂದಕ್ಕೂ ನಿಲ್ಲಿಸಿದರು. ವಿದೇಶಿ ಠೇವಣಿದಾರರ ಪರವಾಗಿ ಬ್ರಿಟನ್ ಮತ್ತು ನೆದರ್ಲೆಂಡ್ಸ್ ಕೇಳಿದ ಹಣವನ್ನು ಕೊಡಬೇಕೇ ಎಂದು 2010ರಲ್ಲೂ 2011ರಲ್ಲೂ ಜನರನ್ನೇ ಕೇಳಿದರು, ಜನ ಎರಡು ಸಲವೂ ಕೂಡದೆಂದರು, 2013ರಲ್ಲಿ ಯುರೋಪಿನ ಮುಕ್ತ ವ್ಯಾಪಾರ ಕೂಟವಾದ ಎಫ್ಟಾದ ನ್ಯಾಯಾಲಯವೂ ಐಸ್‌ಲೆಂಡಿನ ಪರವಾಗಿಯೇ ತೀರ್ಪು ಕೊಟ್ಟಿತು. ಬ್ಯಾಂಕುಗಳ ಹಿರಿಯ ಅಧಿಕಾರಿಗಳಲ್ಲಿ ಕೆಲವರು ಜೈಲಿಗೂ ಹೋದರು.

ಸೈಪ್ರಸ್ಸಿನ ಕಥೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. 2013ರ ಮಾರ್ಚ್‌ನ ಒಂದು ಶುಕ್ರವಾರ ರಾತ್ರಿ ಶುರುವಾದ ಮಾತುಕತೆ ಶನಿವಾರ ನಸುಕಿಗೆ ಮುಗಿದಾಗ, ಎಲ್ಲ ಠೇವಣಿಗಳ ಮೇಲೂ ತೆರಿಗೆ ಎಂದು ತೀರ್ಮಾನವಾಗಿತ್ತು: ಒಂದು ಲಕ್ಷ ಯೂರೊಗಳವರೆಗೆ ಶೇಕಡ 6.75, ಅದಕ್ಕೆ ಮೇಲೆ ಶೇಕಡ 9.9. ಒಂದು ಲಕ್ಷದವರೆಗೆ ವಿಮೆಯ ರಕ್ಷಣೆ ಇದೆಯೆಂದು ಅದೇ ಸರ್ಕಾರಗಳು ಭರವಸೆ ಕೊಟ್ಟಿದ್ದವು! ಮೂರು ದಿನಗಳ ಮೇಲೆ ಸಂಸತ್ತಿನಲ್ಲಿ ಈ ಮಸೂದೆಯ ಪರವಾಗಿ ಒಂದೇ ಒಂದು ಮತ ಬೀಳಲಿಲ್ಲ. ಮತ್ತೆ ಕೂತು ಮಾತಾಡಿದಾಗ ಸಣ್ಣ ಠೇವಣಿಗಳು ಉಳಿದವು, ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ ಆ ಮಿತಿಗಿಂತ ಮೇಲಿದ್ದ ಹಣದ ಶೇಕಡ 47.5 ಭಾಗ ಷೇರುಗಳಾಗಿ ಮಾರ್ಪಟ್ಟಿತು. ಬಾಗಿಲು ತೆರೆದು, ಬೆಳಕಿನಲ್ಲಿ ಮತ ಹಾಕಿದ ಕೂಡಲೇ ಹಂಚಿಕೆ ಬದಲಾಯಿತು ಎಂಬುದನ್ನು ಗಮನಿಸಿ.

ಸಾಲಗಾರ

ಐಸ್‌ಲೆಂಡನ್ನು ಇಷ್ಟು ಹೊಗಳುವ ಮುನ್ನ ಅಲ್ಲಿನ ನನ್ನಂಥವರ ಗತಿಯನ್ನೂ ಹೇಳಬೇಕು. ಅಲ್ಲಿ ಆಗ ಬಹುಪಾಲು ಮನೆಸಾಲಗಳ ಅಸಲನ್ನು ಬೆಲೆ ಸೂಚ್ಯಂಕಕ್ಕೆ ಗಂಟು ಹಾಕಿರುತ್ತಿದ್ದರು. ಬೆಲೆ ಏರಿದಷ್ಟೂ ಸಾಲವೂ ಏರುತ್ತಿತ್ತು. ಬ್ಯಾಂಕುಗಳು ಬಿದ್ದ ಮೇಲೆ ಅಲ್ಲಿನ ಕ್ರೋನಾ ಹೆಚ್ಚುಕಡಿಮೆ ಅರ್ಧ ಬೆಲೆಗೆ ಕುಸಿದು, ಹಣದುಬ್ಬರ ಶೇಕಡ 18ನ್ನು ದಾಟಿತು. ಕಂತು ತಪ್ಪದೆ ಕಟ್ಟುತ್ತಿದ್ದವನ ಸಾಲ ಕಟ್ಟಿದಂತೆಲ್ಲ ಬೆಳೆಯಿತು. ನನಗೆ ಪುಕ್ಕಟೆ ಲಾಭ ತಂದ ಅದೇ ಹಣದುಬ್ಬರ, ಒಪ್ಪಂದದಲ್ಲಿ ಒಂದು ಸಾಲು ಬೇರೆಯಿದ್ದುದರಿಂದ ಅವನ ಕುತ್ತಿಗೆಗೆ ಬಂತು. ಅಲ್ಲಿ ಮತಪೆಟ್ಟಿಗೆಯ ಮೂಲಕ ಹೊರಗೆ ನೂಕಿದ ನಷ್ಟದ ಒಂದು ಪಾಲು ನಾಣ್ಯದ ಮೂಲಕ ಹಿತ್ತಲ ಬಾಗಿಲಿನಿಂದ ಒಳಗೆ ಬಂತು ಎಂದು ನಾನು ತಿಳಿದಿದ್ದೇನೆ.

ದಾರಿಹೋಕ

ಚರ್ಚೆಯನ್ನು ಓದುತ್ತಾ ಬಂದೆ. ದಾಟಿಸಲು ಆಗದವನು ಹೊರುತ್ತಾನೆ ಎಂಬ ತಕ್ಕಡಿಯವರ ಮಾತು ಬ್ಯಾಂಕಿಗಿಂತ ತೆರಿಗೆಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ ಇತ್ತು. ದೊಡ್ಡ ಮನೆಗೆ ಕಿಟಕಿ ಹೆಚ್ಚು, ಆದ್ದರಿಂದ ಶ್ರೀಮಂತ ಹೆಚ್ಚು ಕೊಡುತ್ತಾನೆ ಎಂಬ ಸರಳ ತರ್ಕ. ಬಾಡಿಗೆ ಕಟ್ಟಡಗಳ ಮಾಲೀಕರು ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿ ತೆರಿಗೆ ಉಳಿಸಿದರು, ಒಳಗಿದ್ದ ಬಡ ಬಾಡಿಗೆದಾರರು ಗಾಳಿ ಬೆಳಕಿಲ್ಲದೆ ಬದುಕಿದರು. ಕಾನೂನಿನ ಪ್ರಕಾರ ಅವರು ಒಂದು ಪೆನ್ನಿಯನ್ನೂ ಕಟ್ಟಲಿಲ್ಲ, ಆದರೂ ಅದನ್ನು ಹೊತ್ತವರು ಅವರೇ.

ಅದೇ ಬ್ರಿಟನ್ನಿನಲ್ಲಿ 1989–90ರಲ್ಲಿ ತಲೆಗಂದಾಯ ತಂದರು. ಒಂದು ಊರಿನ ಆಡಳಿತದ ವ್ಯಾಪ್ತಿಯಲ್ಲಿರುವ ವಯಸ್ಕರೆಲ್ಲರಿಗೂ ಬಹುಮಟ್ಟಿಗೆ ಒಂದೇ ಮೊತ್ತ. ಎಲ್ಲರೂ ಒಂದೇ ಸೌಲಭ್ಯ ಪಡೆಯುವುದರಿಂದ ಎಲ್ಲರೂ ಒಂದೇ ಕೊಡಲಿ ಎಂಬುದೂ ಸಮಾನತೆಯ ಮಾತೇ ಅಲ್ಲವೇ? ಜನ ಒಪ್ಪಲಿಲ್ಲ. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಗಲಭೆಯಾಯಿತು, 1993ರಲ್ಲಿ ಆ ತೆರಿಗೆಯ ಜಾಗಕ್ಕೆ ಬೇರೊಂದು ಬಂತು. ಆ ಸಿಟ್ಟಿಗೆ ಕಾರಣ ಮೊತ್ತ ಮಾತ್ರವಲ್ಲ, ಚೀಟಿ ನೇರವಾಗಿ ಮನೆಗೆ ಬಂದದ್ದೂ ಹೌದು ಎಂದು ನನ್ನ ಅನುಮಾನ. ಇದೇ ಹಣವನ್ನು ಕೊಳ್ಳುವ ಸರಕಿನ ಬೆಲೆಯೊಳಗೆ ಅಡಗಿಸಿ ವಸೂಲು ಮಾಡಿದ್ದರೆ, ಅದು ಬಡವನ ಆದಾಯದಲ್ಲಿ ಶ್ರೀಮಂತನದಕ್ಕಿಂತ ದೊಡ್ಡ ಪಾಲನ್ನು ಕಿತ್ತುಕೊಳ್ಳುತ್ತಿದ್ದರೂ ಯಾರೂ ಬೀದಿಗೆ ಇಳಿಯುತ್ತಿರಲಿಲ್ಲ. ಆದಾಯವೆಲ್ಲ ಖರ್ಚಾಗುವವನು ಆದಾಯವೆಲ್ಲದರ ಮೇಲೂ ಮಾರಾಟ ತೆರಿಗೆ ಕೊಡುತ್ತಾನೆ. ಅರ್ಧ ಉಳಿಸುವವನು ಅರ್ಧದ ಮೇಲೆ ಕೊಡುತ್ತಾನೆ. ಮೇಷ್ಟ್ರು ಹೇಳಿದ ಆ ಫೋನಿನ ಅಧ್ಯಯನದ ಉತ್ತರವೇ ಇಲ್ಲೂ.

ಹಳೆಯ ಲೆಕ್ಕಿಗ

ಸೈಪ್ರಸ್ಸಿನ ಮತ್ತು ಐರ್ಲೆಂಡಿನ ಉದಾಹರಣೆಗಳ ಮುಂದೆ ನನ್ನ ಹಿಂದಿನ ಮಾತು ಸ್ವಲ್ಪ ಬಿಗುವಾಗಿ ಕಾಣುತ್ತದೆ, ಒಪ್ಪುತ್ತೇನೆ. ಬ್ಯಾಂಕನ್ನು ಉಳಿಸಬೇಕು ಎಂಬುದಕ್ಕೂ ಬ್ಯಾಂಕಿಗೆ ಸಾಲ ಕೊಟ್ಟವರನ್ನೆಲ್ಲ ಉಳಿಸಬೇಕು ಎಂಬುದಕ್ಕೂ ವ್ಯತ್ಯಾಸವಿದೆ, ಅವೆರಡನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಆದರೆ ನ್ಯಾಯಕ್ಕಾಗಿ ನಿಯಮ ಬರೆದರೆ ಸಾಕು ಎಂದುಕೊಂಡವರಿಗೆ ಒಂದು ಎಚ್ಚರಿಕೆ. 2008ರ ಪಾಠದಿಂದ ಯುರೋಪಿನ ಒಕ್ಕೂಟ 2014ರಲ್ಲಿ ಒಂದು ನಿಯಮಾವಳಿ ಮಾಡಿತು. ನಷ್ಟದ ಸರದಿ ಮೊದಲೇ ಗೊತ್ತಾಗಿರಬೇಕು: ಮೊದಲು ಷೇರುದಾರರು, ಆಮೇಲೆ ಕೆಳದರ್ಜೆಯ ಬಾಂಡ್ (ಬ್ಯಾಂಕು ಮುಚ್ಚಿದರೆ ಉಳಿದ ಸಾಲಗಳು ತೀರಿದ ಮೇಲೆಯೇ ಹಣ ಸಿಗುವ ಸಾಲಪತ್ರ) ಕೊಂಡವರು, ಆಮೇಲೆ ಮೇಲ್ದರ್ಜೆಯವರು, ಕೊನೆಯಲ್ಲಿ ವಿಮೆಯ ಮಿತಿಗಿಂತ ದೊಡ್ಡ ಠೇವಣಿಗಳು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಸರದಿಯನ್ನು ನಾನು ಬರೆಯಲಾರೆ. ಆದರೆ 2015ರ ನವೆಂಬರ್‌ನಲ್ಲಿ ಇಟಲಿಯ ನಾಲ್ಕು ಸಣ್ಣ ಬ್ಯಾಂಕುಗಳು ಬಿದ್ದಾಗ ನಷ್ಟ ಹೊತ್ತ ಆ ಕೆಳದರ್ಜೆಯ ಬಾಂಡುದಾರರಲ್ಲಿ ಸಾವಿರಾರು ಜನ ಸಾಮಾನ್ಯ ಗ್ರಾಹಕರು, ಅವರಲ್ಲಿ ನಿವೃತ್ತರೂ ಇದ್ದರು. ಠೇವಣಿಗಿಂತ ಬಡ್ಡಿ ಸ್ವಲ್ಪ ಹೆಚ್ಚು, ಅಷ್ಟೇ ವ್ಯತ್ಯಾಸ ಎಂದು ತಮ್ಮ ಬ್ಯಾಂಕಿನವರ ಬಾಯಿಂದ ಕೇಳಿ ಕೊಂಡವರು. ಸರದಿ ಸರಿಯಾಗಿತ್ತು, ಆದರೆ ಸರದಿಯಲ್ಲಿ ಮುಂದೆ ನಿಲ್ಲಬೇಕಾದ ಜಾಗವನ್ನು ಬ್ಯಾಂಕುಗಳು ಮೊದಲೇ ತಿಳಿಯದವರಿಗೆ ಮಾರಿದ್ದವು. ಆಮೇಲೆ ಸರ್ಕಾರ ಪರಿಹಾರದ ವ್ಯವಸ್ಥೆ ಮಾಡಬೇಕಾಯಿತು.

ಬರೆದ ಸರದಿಯನ್ನು ಬಲ್ಲವರೇ ತಿರುವುಮುರುವು ಮಾಡಿದ ಉದಾಹರಣೆ ಸ್ವಿಟ್ಸರ್ಲೆಂಡಿನದು. 2023ರ ಮಾರ್ಚ್‌ನಲ್ಲಿ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಯುಬಿಎಸ್‌ಗೆ ಒಪ್ಪಿಸಿದಾಗ ಷೇರುದಾರರಿಗೆ 3 ಬಿಲಿಯನ್ ಫ್ರಾಂಕ್ ಸಿಕ್ಕಿತು, ಸುಮಾರು 16 ಬಿಲಿಯನ್ ಫ್ರಾಂಕ್‌ಗಳ ಒಂದು ಬಗೆಯ ಬಾಂಡುಗಳು ಸೊನ್ನೆಯಾದವು. ಷೇರುದಾರನಿಗೆ ಕಾಸು ಸಿಗುವಾಗ ಬಾಂಡುದಾರನಿಗೆ ಸೊನ್ನೆ ಎಂಬುದನ್ನು ನನ್ನ ವೃತ್ತಿಜೀವನದಲ್ಲಿ ನಾನು ಯಾರಿಗಾದರೂ ಹೇಳಿದ್ದರೆ ನನ್ನನ್ನು ಕಚೇರಿಯಿಂದ ಹೊರಗೆ ಕಳಿಸುತ್ತಿದ್ದರು. ಬಾಂಡಿನ ಕರಾರಿನಲ್ಲಿ ಅದಕ್ಕೆ ಅವಕಾಶವಿತ್ತು ಎಂಬುದು ಅಧಿಕಾರಿಗಳ ವಾದವಾಗಿತ್ತು. ಅದೂ ಒಂದು ಭಾನುವಾರವೇ, ತಕ್ಕಡಿಯವರೇ.

ದಾರಿಹೋಕ

ಅದೇ ತಿಂಗಳು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಬಿದ್ದದ್ದನ್ನೂ ಸೇರಿಸಿಕೊಳ್ಳಿ. ವಿಮೆಯ ಮಿತಿ ಎರಡೂವರೆ ಲಕ್ಷ ಡಾಲರ್. ಅಲ್ಲಿನ ಠೇವಣಿಗಳಲ್ಲಿ ಬಹುಪಾಲು ಆ ಮಿತಿಗಿಂತ ಎಷ್ಟೋ ದೊಡ್ಡವು. ಶುಕ್ರವಾರ ಬ್ಯಾಂಕು ಮುಚ್ಚಿತು, ಭಾನುವಾರ ಸಂಜೆ ಎಲ್ಲ ಠೇವಣಿಗೂ ಪೂರ್ತಿ ರಕ್ಷಣೆ ಎಂದು ಘೋಷಣೆಯಾಯಿತು. ಷೇರುದಾರರನ್ನು ಉಳಿಸಲಿಲ್ಲ, ಅದು ಸರಿ. ಆದರೆ ಮಿತಿ ಎಂದು ಬರೆದಿಟ್ಟದ್ದು ದೊಡ್ಡ ಠೇವಣಿದಾರನಿಗೆ ಹಿಗ್ಗುತ್ತದೆ, ಸೈಪ್ರಸ್ಸಿನ ಮೊದಲ ಪ್ರಯತ್ನದಂತೆ ಸಣ್ಣವನಿಗೆ ಕುಗ್ಗುತ್ತದೆ ಎಂದಾದರೆ ಅದನ್ನು ಮಿತಿ ಎನ್ನುವುದು ಹೇಗೆ?

ನಿವೃತ್ತ ಮೇಷ್ಟ್ರು

ಪಾಲು ಮಾಡುವ ಒಂದು ಸಣ್ಣ ಆಟವಿದೆ, 1982ರಲ್ಲಿ ಜರ್ಮನಿಯ ಮೂವರು ಸಂಶೋಧಕರು ಇದನ್ನು ಮೊದಲು ಆಡಿಸಿ ನೋಡಿದರು. ಇಬ್ಬರ ಮುಂದೆ ಒಂದು ಮೊತ್ತ ಇಡುತ್ತಾರೆ. ಮೊದಲನೆಯವನು ನಿನಗಿಷ್ಟು, ನನಗಿಷ್ಟು ಎನ್ನುತ್ತಾನೆ. ಎರಡನೆಯವನು ಒಪ್ಪಿದರೆ ಹಾಗೆಯೇ ಹಂಚಿಕೆ, ಒಲ್ಲೆನೆಂದರೆ ಇಬ್ಬರಿಗೂ ಏನೂ ಇಲ್ಲ. ಲೆಕ್ಕದ ಪ್ರಕಾರ ಎರಡನೆಯವನು ಒಂದು ಕಾಸು ಕೊಟ್ಟರೂ ತೆಗೆದುಕೊಳ್ಳಬೇಕು. ಆಮೇಲೆ ಅನೇಕ ದೇಶಗಳಲ್ಲಿ ಆಡಿಸಿದಾಗ ಕಂಡದ್ದೇನೆಂದರೆ, ಐದನೆಯ ಒಂದು ಭಾಗಕ್ಕಿಂತ ಕಡಿಮೆ ಕೊಟ್ಟರೆ ಬಹಳ ಜನ ತಮ್ಮದನ್ನೂ ಕಳೆದುಕೊಂಡು ಆಟ ಕೆಡಿಸುತ್ತಾರೆ. ಇದು ಗೊತ್ತಿರುವುದರಿಂದಲೇ ಮೊದಲನೆಯವನು ಅರ್ಧಕ್ಕೆ ಹತ್ತಿರದ ಪಾಲನ್ನು ಮುಂದಿಡುತ್ತಾನೆ.

ನನ್ನ ಠೇವಣಿ ಐದು ವರ್ಷ ಸವೆಯುವಾಗ ಎದುರಿಗೆ ಯಾರೂ ಕೂತಿರಲಿಲ್ಲ. ಒಲ್ಲೆ ಎನ್ನುವುದಾದರೆ ಯಾರಿಗೆ ಎನ್ನಬೇಕಿತ್ತು? ತಕ್ಕಡಿಯವರು ಬಾಗಿಲು ತೆರೆದರೆ ನ್ಯಾಯವಾಗುತ್ತದೆ ಎನ್ನುತ್ತಾರೆ. ಹಣದುಬ್ಬರಕ್ಕೆ ಬಾಗಿಲೇ ಇಲ್ಲ.

ತಕ್ಕಡಿ

ಬಾಗಿಲಿಲ್ಲದಿದ್ದರೂ ಒಂದು ಕಿಂಡಿ ಇದೆ ಎಂದು ಹೇಳಲು ಹೊರಟಿದ್ದೆ. ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಹೊಂದಿಸುವ ದೇಶಗಳಿವೆ, ಹಣದುಬ್ಬರದ ಜೊತೆಗೇ ಅಸಲೂ ಬೆಳೆಯುವ ಸರ್ಕಾರಿ ಬಾಂಡುಗಳಿವೆ. ಉಳಿತಾಯ ಮಾಡುವ ಪ್ರತಿಯೊಬ್ಬ ಸಾಮಾನ್ಯನಿಗೂ ಒಂದು ಮಿತಿಯವರೆಗೆ ಅಂತಹ ಬಾಂಡನ್ನು ಕೊಳ್ಳುವ ಹಕ್ಕಿರಲಿ ಎಂದು ಬರೆದು ಮುಗಿಸುವಷ್ಟರಲ್ಲಿ ಸಾಲಗಾರರು ಹೇಳಿದ ಐಸ್‌ಲೆಂಡಿನ ಮನೆಸಾಲ ನೆನಪಾಯಿತು. ಎಲ್ಲರನ್ನೂ ಸೂಚ್ಯಂಕಕ್ಕೆ ಕಟ್ಟಿದರೆ ನಷ್ಟ ಮಾಯವಾಗುವುದಿಲ್ಲ, ಕಟ್ಟದೆ ಉಳಿದ ಒಬ್ಬನ ಮೇಲೆ ಇನ್ನೂ ಭಾರವಾಗಿ ಬೀಳುತ್ತದೆ. ಮೇಷ್ಟ್ರಿಗೆ ಹೊಂದಿಸಿದ ಪಿಂಚಣಿ ಕೊಡಬೇಕಾದವನು ಇವತ್ತು ದುಡಿಯುತ್ತಿರುವ, ಸಂಬಳ ಏರದ ಒಬ್ಬ ಹುಡುಗನೂ ಇರಬಹುದು. ಹಾಗಿದ್ದರೂ ಸಣ್ಣ ಮಿತಿಯವರೆಗೆ ಅದು ಆಗಬೇಕೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆ ಹುಡುಗನಿಗೆ ಮತ್ತೆ ದುಡಿಯಲು ವರ್ಷಗಳಿವೆ, ಮೇಷ್ಟ್ರಿಗೆ ಇಲ್ಲ. ಇದನ್ನು ನ್ಯಾಯವೆನ್ನುವುದಕ್ಕಿಂತ ಕರುಣೆ ಎಂದರೆ ನಾನು ಜಗಳವಾಡುವುದಿಲ್ಲ.

ನಿವೃತ್ತ ಮೇಷ್ಟ್ರು

ಮಿತಿ ಸಣ್ಣದಾಗಿಯೇ ಇರಲಿ. ಆ ಹುಡುಗ ನನ್ನ ವಿದ್ಯಾರ್ಥಿಯಾಗಿದ್ದಿರಬಹುದು.

ಸಾಲಗಾರ

ಲೆಕ್ಕಿಗರು ಇಟಲಿಯ ಬಾಂಡಿನ ಕಥೆ ಹೇಳಿದ ಮೇಲೆ ನನ್ನ ಮತ್ತು ನಮ್ಮ ತಾಯಿಯವರ ಕಾಗದಗಳನ್ನೆಲ್ಲ ಕಪಾಟಿನಿಂದ ತೆಗೆದು ಒಂದೊಂದಾಗಿ ಓದಿದೆ. ತಾಯಿಯವರು ಠೇವಣಿ ಎಂದೇ ಇಷ್ಟು ದಿನ ಹೇಳುತ್ತಿದ್ದ ಒಂದರ ಮೇಲೆ ಠೇವಣಿ ಎಂಬ ಪದವೇ ಇಲ್ಲ. ಸಾಲಪತ್ರ ಎಂದಿದೆ, ಬಡ್ಡಿ ಸ್ವಲ್ಪ ಹೆಚ್ಚಿದೆ, ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ, ಸಂಸ್ಥೆ ಮುಚ್ಚಿದ ಪಕ್ಷದಲ್ಲಿ ಸಾಲ ಕೊಟ್ಟ ಇತರ ಎಲ್ಲರ ಬಾಕಿ ತೀರಿದ ನಂತರವೇ ಇದರ ಹಣ ಸಲ್ಲತಕ್ಕದ್ದು ಎಂದಿದೆ. ಕೊಡುವಾಗ ಇದನ್ನು ಓದಿ ಹೇಳಿದ್ದರೇ ಎಂದು ಅವರನ್ನು ಕೇಳಿದೆ. ಸಹಿ ಎಲ್ಲಿ ಹಾಕಬೇಕೆಂದು ಆ ಹುಡುಗ ಬಹಳ ವಿನಯದಿಂದ ತೋರಿಸಿದ ಎಂದರು.

ಹಳೆಯ ಲೆಕ್ಕಿಗ

ಆ ಕಾಗದವನ್ನು ಮತ್ತೆ ಕಪಾಟಿನಲ್ಲಿ ಇಡಬೇಡಿ. ಅವಧಿಗೆ ಮುಂಚೆ ಹಿಂತೆಗೆದುಕೊಳ್ಳುವ ಅವಕಾಶವಿದೆಯೇ, ಠೇವಣಿ ವಿಮೆಯ ವ್ಯಾಪ್ತಿಗೆ ಇದು ಬರುತ್ತದೆಯೇ ಎಂಬ ಎರಡೇ ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಬಾಯಿಮಾತಿನ ಉತ್ತರವನ್ನು ಒಪ್ಪಬೇಡಿ, ಎಷ್ಟೇ ವಿನಯದಿಂದ ಹೇಳಿದರೂ.